ಗೊತ್ತಿರುವ ವಿಷಯದಲ್ಲೇ ಉತ್ತರ ತಪ್ಪುವುದೇಕೆ?

ಇಂಗ್ಲಿಷ್ ರೀಡಿಂಗ್ ಕಾಂಪ್ರಿಹೆನ್ಷನ್, ಅಂದರೆ ಪ್ಯಾಸೇಜ್ ಓದಿ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸಕ್ಕೆ ಯಾವ ವಿಷಯ ಒಳ್ಳೆಯದು ಅಂತ ಕೇಳುವವರಿಗೆ ನಾನು ಆರೋಗ್ಯ ಮತ್ತು ಸಾಮಾಜಿಕ ಸಮಸ್ಯೆಗಳನ್ನೇ ಹೇಳುತ್ತೇನೆ. ಸುಲಭ ಅಂತಲ್ಲ. ಅಲ್ಲಿ ನಾವು ಎಡವುವುದು ಜಾಸ್ತಿ, ಅದಕ್ಕೆ. ಹವಳದ ದಿಬ್ಬದ ಬಗ್ಗೆಯೋ ಹಳೆಯ ರೋಮ್ ಬಗ್ಗೆಯೋ ಪ್ಯಾಸೇಜ್ ಬಂದರೆ ವಿದ್ಯಾರ್ಥಿಗಳು ಹೆದರಿಕೊಂಡು ಒಂದೊಂದೇ ಸಾಲು ಓದುತ್ತಾರೆ. ರಕ್ತಹೀನತೆ, ಬಾಲ್ಯವಿವಾಹ, ಕುಡಿತ ಅಂದಕೂಡಲೇ "ಇದು ಗೊತ್ತಿರೋದೇ ಬಿಡಿ" ಅನ್ನುವ ಧೈರ್ಯ ಬಂದುಬಿಡುತ್ತದೆ. ಅರ್ಧ ಓದಿ ಉತ್ತರ ಗುರುತು ಮಾಡುತ್ತಾರೆ. ಆ ಉತ್ತರ ಬಂದದ್ದು ಪ್ಯಾಸೇಜಿನಿಂದಲ್ಲ, ಅವರ ತಲೆಯಿಂದ.

ನನ್ನ ತರಗತಿಗೆ ಬರುವವರು ಮುಖ್ಯವಾಗಿ ಎರಡು ಥರ. ಒಂದು, ವಿದೇಶದಲ್ಲಿ ಕೆಲಸಕ್ಕೆ ಹೊರಟ ನರ್ಸ್‌ಗಳು. ಇವರಿಗೆ ಒಇಟಿ (ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ) ಅಥವಾ ಐಇಎಲ್‌ಟಿಎಸ್ (ಸಾಮಾನ್ಯ ಇಂಗ್ಲಿಷ್ ಪರೀಕ್ಷೆ) ಬೇಕು. ಇನ್ನೊಂದು, ಕನ್ನಡ ಮಾಧ್ಯಮದಲ್ಲಿ ಓದಿ ಯುಪಿಎಸ್‌ಸಿಗೆ ತಯಾರಾಗುವವರು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ನಿಜ. ಆದರೆ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅದರ ಎರಡನೇ ಪತ್ರಿಕೆ, ಎಲ್ಲರೂ ಸಿಸ್ಯಾಟ್ ಅನ್ನುವುದು, 80 ಪ್ರಶ್ನೆ, 200 ಅಂಕ. ಶೇ 33 ಬಂದರೆ ಸಾಕು, ಬರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ಬಂದಿರಲಿ, ಅಲ್ಲಿಗೆ ಮುಗಿಯಿತು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಪ್ಯಾಸೇಜಿನ ಮೇಲೆ ಒಂದು ಸೂಚನೆ ಅಚ್ಚಾಗಿರುತ್ತದೆ: ಉತ್ತರ ಪ್ಯಾಸೇಜನ್ನು ಮಾತ್ರ ಆಧರಿಸಿರಬೇಕು. ಇಡೀ ಪತ್ರಿಕೆಯಲ್ಲಿ ಜನ ಓದದೇ ದಾಟುವ ಸಾಲು ಇದೇ ಅಂತ ನನಗೆ ಅನುಮಾನ.

ಮಲೆನಾಡಿನವರು ಇದ್ದ ಕಡೆ ನಾನು ಮಂಗನ ಕಾಯಿಲೆಯ ಪ್ಯಾಸೇಜ್ ಕೊಡುತ್ತೇನೆ. ನಾನೇ ಬರೆದ ಸಣ್ಣ ಪ್ಯಾರಾ ಅದು. ಸಾರಾಂಶ ಇಷ್ಟು: ಈ ವೈರಸ್ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಉಣ್ಣೆ ಕಚ್ಚುವುದರಿಂದ ಅಥವಾ ಸೋಂಕು ತಗುಲಿದ ಪ್ರಾಣಿಯ, ಅದರಲ್ಲೂ ಕಾಯಿಲೆ ಬಿದ್ದ ಇಲ್ಲವೇ ಈಚೆಗೆ ಸತ್ತ ಮಂಗದ ಸಂಪರ್ಕದಿಂದ ಮನುಷ್ಯರಿಗೆ ಬರಬಹುದು. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ವರದಿಯಾಗಿಲ್ಲ. ಕಾಡಿಗೆ ಹೋಗಿಬರುವವರಿಗೆ ಅಪಾಯ ಹೆಚ್ಚು.

ಇದರ ಕೆಳಗೆ ಐಇಎಲ್‌ಟಿಎಸ್ ಮಾದರಿಯಲ್ಲಿ ಎರಡು ಹೇಳಿಕೆ. ಟ್ರೂ, ಫಾಲ್ಸ್, ನಾಟ್ ಗಿವನ್, ಮೂರರಲ್ಲಿ ಒಂದು ಆರಿಸಬೇಕು. ಮೊದಲ ಹೇಳಿಕೆ: "ಈ ರೋಗ ಜನರಿಗೆ ಮುಖ್ಯವಾಗಿ ಮಂಗಗಳಿಂದ ಬರುತ್ತದೆ." ಕ್ಲಾಸು ಎರಡು ಹೋಳಾಗುತ್ತದೆ. ಒಂದು ಗುಂಪು ಟ್ರೂ ಅನ್ನುತ್ತದೆ. ಹೆಸರೇ ಮಂಗನ ಕಾಯಿಲೆ ಅಲ್ವಾ? ಇನ್ನೊಂದು ಗುಂಪು ಫಾಲ್ಸ್ ಅನ್ನುತ್ತದೆ. ಅವರ ಊರಿಗೆ ಆರೋಗ್ಯ ಇಲಾಖೆಯವರು ಬಂದು ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಕೊಟ್ಟು ಹೋಗಿರುತ್ತಾರೆ. ಉಣ್ಣೆಯೇ ಮುಖ್ಯ ಅಂತ ಅವರಿಗೆ ಗೊತ್ತು. ಪ್ಯಾಸೇಜ್ ಎರಡೂ ದಾರಿ ಹೇಳಿದೆ, ಯಾವುದು ಮುಖ್ಯ ಅಂತ ಹೇಳಿಲ್ಲ. ಉತ್ತರ ನಾಟ್ ಗಿವನ್. ವಿಷಯ ತಪ್ಪು ತಿಳಿದವರೂ ಸರಿಯಾಗಿ ತಿಳಿದವರೂ ಒಟ್ಟಿಗೇ ಅಂಕ ಕಳೆದುಕೊಳ್ಳುತ್ತಾರೆ. ಇದು ಸರಿಯಾಗಿ ತಿಳಿದವರಿಗೆ ತುಂಬಾ ಸಿಟ್ಟು ತರಿಸುತ್ತದೆ!

ಎರಡನೇ ಹೇಳಿಕೆ: "ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದು ಸಾಧ್ಯವೇ ಇಲ್ಲ." ಮುಕ್ಕಾಲು ಪಾಲು ಜನ ಟ್ರೂ ಅನ್ನುತ್ತಾರೆ. ಪ್ಯಾಸೇಜ್ ಹೇಳಿದ್ದು ವರದಿಯಾಗಿಲ್ಲ ಅಂತ. ಸಾಧ್ಯವಿಲ್ಲ ಅಂತ ಅಲ್ಲ. ಇದಕ್ಕೂ ಉತ್ತರ ನಾಟ್ ಗಿವನ್. ವೈದ್ಯಕೀಯ ಬರಹಗಾರರು ಈ ವ್ಯತ್ಯಾಸವನ್ನು ಬೇಕಂತಲೇ ಕಾಪಾಡುತ್ತಾರೆ, ಪ್ರಶ್ನೆ ತೆಗೆಯುವವರು ಅಲ್ಲೇ ಕೈ ಹಾಕುತ್ತಾರೆ.

ಫಾಲ್ಸ್ ಮತ್ತು ನಾಟ್ ಗಿವನ್ ನಡುವೆ ಒದ್ದಾಡುವವರಿಗೆ ಒಂದು ಪರೀಕ್ಷೆ ಇದೆ. ಹೇಳಿಕೆಗೆ ವಿರುದ್ಧವಾದ ವಾಕ್ಯವನ್ನು ಪ್ಯಾಸೇಜಿನಿಂದಲೇ ಬೆರಳಿಟ್ಟು ತೋರಿಸಲು ಆಗುತ್ತದಾ? ಆಗುತ್ತದೆ ಅಂದರೆ ಫಾಲ್ಸ್. ಬೆರಳು ಇಡಲು ಜಾಗ ಸಿಗದಿದ್ದರೆ ನಾಟ್ ಗಿವನ್. ನಿಜವಾಗಿಯೂ ಬೆರಳಿಡಿ. ಮನಸ್ಸಿನಲ್ಲೇ ಇಟ್ಟರೆ ಅದು ಜಾರುತ್ತದೆ.

ಆರೋಗ್ಯದ ಬರಹ ತುಂಬಾ ಮೇ, ಟೆಂಡ್ ಟು, ಲಿಂಕ್ಡ್ ಟು, ಅಸೋಸಿಯೇಟೆಡ್ ವಿತ್ ಥರದ, ಖಚಿತ ಮಾಡಿ ಹೇಳದ ಪದಗಳು ಇರುತ್ತವೆ. ಕನ್ನಡದಲ್ಲಿ ಮನಸ್ಸಿನಲ್ಲೇ ಅನುವಾದ ಮಾಡಿಕೊಂಡು ಓದುವವರು ಇವನ್ನೆಲ್ಲ ಉದುರಿಸಿಬಿಡುತ್ತಾರೆ. ಊಟದ ಜೊತೆ ಟೀ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಕಡಿಮೆ ಹೀರಿಕೊಳ್ಳಬಹುದು ಅಂತ ಪ್ಯಾಸೇಜ್ ಹೇಳುತ್ತದೆ. ನಾಲ್ಕು ಆಯ್ಕೆಗಳಲ್ಲಿ ಒಂದು, "ಟೀ ಕುಡಿದರೆ ರಕ್ತಹೀನತೆ ಬರುತ್ತದೆ." ಟೀ ಬಿಡಿಸಬೇಕು ಅಂತ ಮನೆಯಲ್ಲಿ ಅಮ್ಮ ಬೈಯುವುದು ಕೇಳಿ ಬೆಳೆದವರು ಸೀದಾ ಅದಕ್ಕೇ ಗುರುತು ಹಾಕುತ್ತಾರೆ.

ಇನ್ನು ಅಂಕಿಗಳು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಸಾಮಾಜಿಕ ವಿಷಯದ ಪ್ಯಾಸೇಜುಗಳಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೇಲಿಂದ ಮೇಲೆ ಬರುತ್ತದೆ. 2019–21ರ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಜನಕ್ಕೆ ರಕ್ತಹೀನತೆ ಇತ್ತು. 2015–16ರ ನಾಲ್ಕನೇ ಸುತ್ತಿನಲ್ಲಿ ಇದು ಶೇ 53.1. "ಶೇ 4ರಷ್ಟು ಹೆಚ್ಚಾಯಿತು" ಅನ್ನುವುದು ಸರಿಯಾ? ಸರಿಯಲ್ಲ. ಹೆಚ್ಚಾದದ್ದು ಸುಮಾರು 4 ಪರ್ಸೆಂಟೇಜ್ ಪಾಯಿಂಟ್, ಅಂದರೆ ಎರಡು ಶೇಕಡಾ ಅಂಕಿಗಳ ನಡುವಿನ ವ್ಯತ್ಯಾಸ. 53.1 ಅನ್ನುವುದಕ್ಕೆ ಹೋಲಿಸಿದರೆ ಏರಿಕೆ ಶೇ 7ಕ್ಕೂ ಸ್ವಲ್ಪ ಜಾಸ್ತಿ. ಪರೀಕ್ಷೆಯಲ್ಲಿ ಎರಡೂ ಆಯ್ಕೆ ಅಕ್ಕಪಕ್ಕ ಕೂತಿರಬಹುದು.

ಅದಕ್ಕಿಂತ ಕಷ್ಟದ್ದು "ಯಾರಲ್ಲಿ ಎಷ್ಟು" ಅನ್ನುವುದು. ಅದೇ ಸಮೀಕ್ಷೆಯಲ್ಲಿ ಬಾಲ್ಯವಿವಾಹದ ಅಂಕಿ ಶೇ 23.3. ಇದನ್ನು ಓದಿ "ಈಗ ನೂರರಲ್ಲಿ 23 ಹುಡುಗಿಯರಿಗೆ ಚಿಕ್ಕ ವಯಸ್ಸಲ್ಲೇ ಮದುವೆ ಆಗ್ತಿದೆ" ಅಂತ ಬರೆದವರನ್ನು ನಾನು ತುಂಬಾ ಕಂಡಿದ್ದೇನೆ. ವಾಕ್ಯ ಪೂರ್ತಿ ಓದಿ: ಸಮೀಕ್ಷೆಯ ಹೊತ್ತಿಗೆ 20ರಿಂದ 24 ವರ್ಷದವರಾಗಿದ್ದ ಮಹಿಳೆಯರಲ್ಲಿ, 18 ತುಂಬುವ ಮೊದಲೇ ಮದುವೆಯಾಗಿದ್ದವರು ಶೇ 23.3. ಅಂದರೆ ಆ ಮದುವೆಗಳು ನಡೆದು ಆಗಲೇ ಕೆಲವು ವರ್ಷ ಆಗಿತ್ತು. ಹಾಗೇ ಲಿಂಗಾನುಪಾತ. ಇದೇ ವರದಿಯಲ್ಲಿ 1000 ಗಂಡಸರಿಗೆ 1020 ಹೆಂಗಸರು ಅಂತ ಒಂದು ಅಂಕಿ ಇದೆ. ಹಿಂದಿನ ಐದು ವರ್ಷದಲ್ಲಿ ಹುಟ್ಟಿದ ಮಕ್ಕಳಲ್ಲಿ 1000 ಗಂಡಿಗೆ 929 ಹೆಣ್ಣು ಅಂತ ಇನ್ನೊಂದು ಇದೆ. ಮೊದಲನೆಯದು ಓದಿ ಖುಷಿಪಟ್ಟು ಎರಡನೆಯದಕ್ಕೆ ಕಣ್ಣು ಹಾಯಿಸದವರು ಬರೀ ವಿದ್ಯಾರ್ಥಿಗಳಲ್ಲ, ಸುದ್ದಿ ಬರೆದವರೂ ಇದ್ದರು.

ಈ ವಾಕ್ಯಗಳು ಕಷ್ಟವಾಗಲು ಕಾರಣ ಬರೀ ಗಣಿತ ಅಲ್ಲ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಬರುತ್ತವೆ, ವ್ಯಕ್ತಿ ಆಮೇಲೆ. "18 ತುಂಬುವ ಮೊದಲೇ ಮದುವೆಯಾದ ಮಹಿಳೆ." ಇಂಗ್ಲಿಷಿನಲ್ಲಿ ವಿಮೆನ್ ಮೊದಲೇ ಬಂದು ಕೂರುತ್ತಾರೆ, ಅವರು ಎಂಥವರು ಅನ್ನುವುದು ಹೂ, ಹೂಸ್, ವಿತ್ ಅಂತ ಬಾಲದ ಥರ ಹಿಂದೆ ಬರುತ್ತಾ ಹೋಗುತ್ತದೆ. ಕನ್ನಡದ ಕಿವಿ ಬಾಲವನ್ನು ಕಾಯುವುದಿಲ್ಲ. ಅದಕ್ಕೆ ನನ್ನ ಸಲಹೆ, ಅಂಕಿ ಬಂದ ಪ್ರತಿ ವಾಕ್ಯದಲ್ಲೂ ಅಂಕಿಗೆ ಮೊದಲು ಅಡಿಗೆರೆ ಹಾಕಬೇಡಿ. ಯಾರ ಬಗ್ಗೆ ಅಂಕಿ ಅನ್ನುವ ಭಾಗಕ್ಕೆ ಹಾಕಿ.

ಡಿಕ್ಷನರಿ ಬಗ್ಗೆ ಒಂದು ಮಾತು. ಮಕ್ಕಳ ಅಪೌಷ್ಟಿಕತೆಯ ಪ್ಯಾಸೇಜಿನಲ್ಲಿ ಸ್ಟಂಟಿಂಗ್, ವೇಸ್ಟಿಂಗ್ ಎರಡೂ ಬರುತ್ತವೆ. ವೇಸ್ಟಿಂಗ್‌ಗೆ ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವುದು "ವ್ಯರ್ಥ ಮಾಡುವುದು." ಅದನ್ನು ಇಟ್ಟುಕೊಂಡು ಒಬ್ಬ ಹುಡುಗ ಇಡೀ ಪ್ಯಾರಾವನ್ನು ಅನ್ನ ಚೆಲ್ಲುವುದರ ಬಗ್ಗೆ ಅಂತ ವಿವರಿಸಿದ್ದ. ಚೆನ್ನಾಗಿಯೇ ವಿವರಿಸಿದ್ದ, ಪಾಪ. ಒಳ್ಳೆಯ ಬರಹದಲ್ಲಿ ಇಂಥ ಪದದ ಪಕ್ಕದಲ್ಲೇ ಅದರ ವಿವರಣೆ ಇರುತ್ತದೆ, ಎರಡು ಕಾಮಾಗಳ ನಡುವೆ ಅಥವಾ ಗೆರೆಯ ಮುಂದೆ: ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು ಸ್ಟಂಟಿಂಗ್, ಎತ್ತರಕ್ಕೆ ತಕ್ಕ ತೂಕ ಇಲ್ಲದಿರುವುದು ವೇಸ್ಟಿಂಗ್. ಮೊದಲ ಓದಿನಲ್ಲಿ ಮೊಬೈಲ್ ಮುಟ್ಟಬೇಡಿ. ಪರೀಕ್ಷಾ ಕೋಣೆಯಲ್ಲಿ ಹೇಗೂ ಅದು ಇರುವುದಿಲ್ಲ.

ಸಾಮಾಜಿಕ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ, ಲೇಖಕರ ನಿಲುವು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಬಗ್ಗೆ ಒಂದು ಪ್ಯಾಸೇಜ್ ಇದೆ ಅಂತ ಇಟ್ಟುಕೊಳ್ಳಿ. ಲೇಖಕರು ಮೊದಲು "ಕ್ರಿಟಿಕ್ಸ್ ಆರ್ಗ್ಯೂ" ಅಂತ ಶುರುಮಾಡಿ, ಉಚಿತ ಪ್ರಯಾಣದಿಂದ ಸಾರಿಗೆ ನಿಗಮಗಳ ಮೇಲೆ ಹೊರೆ ಅನ್ನುವ ವಾದವನ್ನು ನಾಲ್ಕು ಸಾಲು ಬರೆಯುತ್ತಾರೆ. ಆಮೇಲೆ ಒಂದು ಹೌಎವರ್. ನಂತರ ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವ ಹೆಂಗಸರ ಮಾತು ಎರಡೇ ಸಾಲು. ಲೇಖಕರ ಅಭಿಪ್ರಾಯ ಯಾವುದು? ಆ ಎರಡು ಸಾಲು. ಆದರೆ ಯೋಜನೆಯ ಬಗ್ಗೆ ಮೊದಲೇ ಸಿಟ್ಟಿರುವವರಿಗೆ ನಾಲ್ಕು ಸಾಲೇ ಲೇಖಕರ ಮಾತು ಅನ್ನಿಸುತ್ತದೆ. ಯೋಜನೆ ಇಷ್ಟವಾದವರಿಗೆ ಹೊರೆಯ ವಾದ ಕಣ್ಣಿಗೇ ಬೀಳುವುದಿಲ್ಲ, "ಲೇಖಕರು ಟೀಕೆಗಳನ್ನು ಪ್ರಸ್ತಾಪಿಸಿಲ್ಲ" ಅನ್ನುವ ತಪ್ಪು ಆಯ್ಕೆಗೆ ಬೀಳುತ್ತಾರೆ. ನಾನು ಇಂಥ ವಿಷಯವನ್ನು ಬೇಕಂತಲೇ ಆರಿಸುತ್ತೇನೆ. ಚರ್ಚೆ ಜೋರಾದರೆ ಇನ್ನೂ ಒಳ್ಳೆಯದು. ಚರ್ಚೆ ಮುಗಿದ ಮೇಲೆ ಪ್ಯಾಸೇಜ್ ಮತ್ತೆ ಓದಿಸಿದಾಗ ತಮ್ಮ ಮಾತು ಯಾವುದು, ಅವರ ಮಾತು ಯಾವುದು ಅಂತ ಅವರಿಗೇ ಕಾಣುತ್ತದೆ.

ನರ್ಸ್‌ಗಳಿಗೆ ಕಷ್ಟ ಸ್ವಲ್ಪ ಬೇರೆ. ಒಇಟಿ ರೀಡಿಂಗಿನ ಎ ಭಾಗದಲ್ಲಿ ಒಂದೇ ವಿಷಯದ ನಾಲ್ಕು ಚಿಕ್ಕ ಪಠ್ಯ, 20 ಪ್ರಶ್ನೆ, 15 ನಿಮಿಷ. ಪೂರ್ತಿ ಓದುತ್ತಾ ಕೂತರೆ ಸಮಯ ಸಾಲದು. ಯಾವ ಪಠ್ಯದಲ್ಲಿ ಏನಿದೆ ಅಂತ ಶೀರ್ಷಿಕೆ, ಪಟ್ಟಿ, ಕೋಷ್ಟಕ ನೋಡಿಕೊಂಡು ಪ್ರಶ್ನೆಗೆ ಹೋಗಬೇಕು. ವಾರ್ಡಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವರು ಡೋಸ್ ಕೇಳಿದರೆ ತಮ್ಮ ವಾರ್ಡಿನ ರೂಢಿಯನ್ನೇ ಬರೆದುಬಿಡುತ್ತಾರೆ. ಕೋಷ್ಟಕದಲ್ಲಿ ಮಕ್ಕಳಿಗೆ ಅಂತ ಬೇರೆ ಸಾಲು ಇರುತ್ತದೆ, ನೋಡಿರುವುದಿಲ್ಲ.

ಅಭ್ಯಾಸಕ್ಕೆ ದುಬಾರಿ ಪುಸ್ತಕ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಫ್ಯಾಕ್ಟ್ ಶೀಟ್‌ಗಳು ಪುಕ್ಕಟೆ ಸಿಗುತ್ತವೆ, ಭಾಷೆಯೂ ಸರಳ. ಮಾತ್ರೆ ಡಬ್ಬಿಯೊಳಗಿನ ಮಡಚಿದ ಕಾಗದ ಇನ್ನೂ ಒಳ್ಳೆಯದು, ಡು ನಾಟ್, ಅನ್‌ಲೆಸ್, ಎಕ್ಸೆಪ್ಟ್ ಅಲ್ಲಿ ಬೇಕಾದಷ್ಟು. ದಿನಕ್ಕೆ ಒಂದೇ ಪುಟ ಓದಿ. ಓದಿದ ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆಯಿರಿ: ಲೇಖಕರು ಹೇಳಿದ್ದು ಏನು, ಹೇಳದೇ ಬಿಟ್ಟದ್ದು ಏನು. ಎರಡನೇ ಸಾಲು ಬರೆಯುವುದು ಮೊದಲ ವಾರ ತುಂಬಾ ಕಷ್ಟ. ಆಮೇಲೆ ನೀವೇ ನಾಲ್ಕು ಆಯ್ಕೆಯ ಒಂದು ಪ್ರಶ್ನೆ ತೆಗೆದು ಸ್ನೇಹಿತರಿಗೆ ಕೊಡಿ. ಸರಿ ಉತ್ತರ ಬರೆಯುವುದು ಸುಲಭ. ಮೂರು ತಪ್ಪು ಆಯ್ಕೆ ನಂಬುವ ಹಾಗೆ ಬರೆಯಲು ಕೂತಾಗ ಪ್ರಶ್ನೆ ತೆಗೆಯುವವರ ಕೈಚಳಕ ಅರ್ಥವಾಗುತ್ತದೆ. ಮೇ ಇದ್ದ ಕಡೆ ವಿಲ್ ಹಾಕುತ್ತೀರಿ. ಸಮ್ ಇದ್ದ ಕಡೆ ಮೋಸ್ಟ್ ಹಾಕುತ್ತೀರಿ. ಪ್ಯಾಸೇಜಿನಲ್ಲಿ ಇಲ್ಲದ, ಆದರೆ ಎಲ್ಲರೂ ನಂಬುವ ಒಂದು ಮಾತು ಸೇರಿಸುತ್ತೀರಿ.

ಒಂದು ಈಗಲೇ ಮಾಡಿ ನೋಡಿ. ಮಕ್ಕಳ ಭೇದಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಪುಟದಲ್ಲಿ ಈ ಅರ್ಥದ ವಾಕ್ಯ ಇದೆ: ಜಿಂಕ್ ಕೊಟ್ಟರೆ ಭೇದಿಯ ಅವಧಿ ಶೇ 25ರಷ್ಟು ಕಡಿಮೆಯಾಗುತ್ತದೆ, ಮಲದ ಪ್ರಮಾಣದಲ್ಲಿ ಶೇ 30ರಷ್ಟು ಇಳಿಕೆಯ ಜೊತೆಗೂ ಅದಕ್ಕೆ ಸಂಬಂಧವಿದೆ. ಈ ವಾಕ್ಯವನ್ನಷ್ಟೇ ಇಟ್ಟುಕೊಂಡು ಮೂರು ಹೇಳಿಕೆ ನೋಡಿ. ಜಿಂಕ್ ಕೊಟ್ಟರೆ ಓಆರ್‌ಎಸ್ ಬೇಕಿಲ್ಲ. ಜಿಂಕ್ ಕೊಟ್ಟ ಮಗುವಿನ ಭೇದಿ ಬೇಗ ನಿಲ್ಲುತ್ತದೆ. ಜಿಂಕ್ ಕೊಟ್ಟ ಮಗುವಿಗೆ ಮತ್ತೆ ಭೇದಿ ಬರುವುದಿಲ್ಲ. ನಡುವಿನದು ಮಾತ್ರ ಟ್ರೂ. ಉಳಿದ ಎರಡೂ ನಾಟ್ ಗಿವನ್. ಮೊದಲನೆಯದಕ್ಕೆ ಫಾಲ್ಸ್ ಅಂದಿದ್ದರೆ ನಿಮ್ಮ ವೈದ್ಯಕೀಯ ತಿಳಿವಳಿಕೆ ಸರಿಯಾಗಿದೆ, ಮಗುವಿಗೆ ಓಆರ್‌ಎಸ್ ಬೇಕೇ ಬೇಕು. ಅಂಕ ಮಾತ್ರ ಸಿಗುವುದಿಲ್ಲ.