ಎಐ ಬಗ್ಗೆ ಓಟಿ ವಿದ್ಯಾರ್ಥಿಗಳ ಮನೋಭಾವ: ಅಂಕ ತಿರುಗಿಸುವ ಹಂತ

ಆಕ್ಯುಪೇಷನಲ್ ಥೆರಪಿ (ಓಟಿ, ದಿನನಿತ್ಯದ ಕೆಲಸ ಮಾಡಿಕೊಳ್ಳಲು ರೋಗಿಗಳಿಗೆ ನೆರವಾಗುವ ಚಿಕಿತ್ಸೆ) ಓದುವವರು ಎಐಯನ್ನು ಹೇಗೆ ಕಾಣುತ್ತಾರೆ ಎಂದು ಅಳೆಯಲು ಜಿಎಎಐಎಸ್ ಮಾಪಕ, ಅಂದರೆ ಎಐ ಬಗೆಗಿನ ಸಾಮಾನ್ಯ ಮನೋಭಾವದ ಪ್ರಶ್ನಾವಳಿ, ಬಳಸಬಹುದು. ಸಂಶೋಧಕರಾದ ಷೆಪ್‌ಮನ್ ಮತ್ತು ರಾಡ್ವೇ ಇದನ್ನು 2020ರಲ್ಲಿ ಪ್ರಕಟಿಸಿದರು. ಒಟ್ಟು 20 ಹೇಳಿಕೆ: 12 ಎಐ ಪರ, 8 ವಿರುದ್ಧ. ಉತ್ತರ 1ರಿಂದ (ಸ್ವಲ್ಪವೂ ಒಪ್ಪುವುದಿಲ್ಲ) 5ರವರೆಗೆ (ಪೂರ್ತಿ ಒಪ್ಪುತ್ತೇನೆ). ಓದಿ ಉತ್ತರಿಸುತ್ತಿದ್ದಾರೆಯೇ ಎಂದು ಪರೀಕ್ಷಿಸುವ ಹೇಳಿಕೆಯೊಂದು ಬೇರೆ ಇರುತ್ತದೆ, ಅದಕ್ಕೆ ಅಂಕವಿಲ್ಲ.

ತಿರುಗಿಸುವುದು

ಎಡವುವುದು ಇಲ್ಲೇ. ‘ಎಐ ಅಪಾಯಕಾರಿ’ ಎಂಬಂಥ ಹೇಳಿಕೆಗೆ 5 ಕೊಟ್ಟವರು ಎಐಯನ್ನು ಒಪ್ಪಿಲ್ಲ. ಆದ್ದರಿಂದ ವಿರುದ್ಧದ 8 ಹೇಳಿಕೆಗಳಿಗೆ ಮಾತ್ರ 6ರಿಂದ ಉತ್ತರವನ್ನು ಕಳೆಯಬೇಕು: 5 ಇದ್ದದ್ದು 1, 4 ಇದ್ದದ್ದು 2, 3 ಹಾಗೇ 3. ಕಳೆಯಬೇಕಾದದ್ದು 5ರಿಂದಲ್ಲ, ಹಾಗೆ ಮಾಡಿದರೆ 5 ಸೊನ್ನೆಯಾಗುತ್ತದೆ, ಮಾಪಕದಲ್ಲಿ ಸೊನ್ನೆಯೇ ಇಲ್ಲ.

ಉದಾಹರಣೆಗೆ ಒಬ್ಬ ವಿದ್ಯಾರ್ಥಿ ಈ 8ಕ್ಕೆ ಕೊಟ್ಟ ಉತ್ತರಗಳು 4, 4, 5, 3, 4, 4, 5, 3 ಎಂದುಕೊಳ್ಳಿ. ಮೊತ್ತ 32. ತಿರುಗಿಸಿದ ಮೇಲೆ 2, 2, 1, 3, 2, 2, 1, 3, ಮೊತ್ತ 16. ತಾಳೆ ನೋಡಲು ಸುಲಭ ದಾರಿ: ಎರಡೂ ಮೊತ್ತ ಸೇರಿ 48 ಆಗಲೇಬೇಕು, ಏಕೆಂದರೆ 8 × 6 = 48. ಎಂಟಕ್ಕೂ ಉತ್ತರವಿರುವ ಪ್ರತಿ ಸಾಲಿಗೂ ಈ ತಾಳೆ ಮಾಡಿ.

ಎಕ್ಸೆಲ್‌ನಲ್ಲಿ ಇನ್ನೊಂದು ಹೊಂಡವಿದೆ. ಖಾಲಿ ಸೆಲ್ಲನ್ನು ಅದು ಸೊನ್ನೆ ಎಂದೇ ಎಣಿಸುವುದರಿಂದ, ಉತ್ತರಿಸದ ಹೇಳಿಕೆಗೆ 6 ಬಂದು ಕೂರುತ್ತದೆ. ಸೆಲ್ ಖಾಲಿಯಿದ್ದರೆ ಖಾಲಿಯಾಗಿಯೇ ಬಿಡುವ ಷರತ್ತನ್ನು ಸೂತ್ರದಲ್ಲಿ ಮೊದಲೇ ಹಾಕಿ. ತಿರುಗಿಸಿದ ಅಂಕಗಳನ್ನು ಹೊಸ ಕಾಲಂನಲ್ಲೇ ಇಡಿ. ಹಳೆಯದರ ಮೇಲೆ ಬರೆದರೆ, ಜೊತೆಗಾರರು ಮತ್ತೊಮ್ಮೆ ತಿರುಗಿಸಿಬಿಡುತ್ತಾರೆ, ಲೆಕ್ಕ ಮೊದಲಿನ ಜಾಗಕ್ಕೇ ಬರುತ್ತದೆ.

ಎರಡನ್ನೂ ಕೂಡಿಸಬೇಡಿ

ಮೇಲಿನ ವಿದ್ಯಾರ್ಥಿಗೆ ಪರ ಭಾಗದಲ್ಲಿ ಸರಾಸರಿ 4, ವಿರುದ್ಧ ಭಾಗದಲ್ಲಿ ತಿರುಗಿಸಿದ ಮೇಲೆ 2 ಎನ್ನಿ. ಇಪ್ಪತ್ತನ್ನೂ ಒಟ್ಟು ಮಾಡಿದರೆ (48 + 16) ÷ 20 = 3.2. ನೋಡಿದವರು ‘ಇವರದು ತಟಸ್ಥ ನಿಲುವು’ ಎನ್ನುತ್ತಾರೆ. ಅದು ತಪ್ಪು: ಈ ವ್ಯಕ್ತಿಗೆ ಎಐ ಮೇಲೆ ಭರವಸೆಯೂ ಗಟ್ಟಿಯಾಗಿದೆ, ಆತಂಕವೂ ಗಟ್ಟಿಯಾಗಿದೆ. ಓಟಿಯಲ್ಲಿ ಈ ಇಬ್ಬಂದಿ ಸಹಜ. ಎಐ ಸೋಪ್ ನೋಟ್ಸ್ (ರೋಗಿಯ ಪ್ರತಿ ಭೇಟಿಯ ದಾಖಲೆ) ಕರಡು ಮಾಡಿಕೊಡಲಿ ಎನ್ನುವವರೇ, ಪಾರ್ಶ್ವವಾಯು ಆದವರು ಅಂಗಿ ತೊಡಲು ಕಷ್ಟಪಡುವುದನ್ನು ಪಕ್ಕದಲ್ಲಿ ಕೂತು ಗಮನಿಸುವ ಕೆಲಸ ಯಂತ್ರಕ್ಕೆ ಹೋಗಬಾರದು ಎನ್ನಬಹುದು. ಎರಡು ಸರಾಸರಿಗಳನ್ನೂ ಬೇರೆ ಬೇರೆಯಾಗಿಯೇ ವರದಿ ಮಾಡಿ.

ಸ್ವಂತ ಪ್ರಶ್ನೆ ಸೇರಿಸುವುದಾದರೆ

ಮಾಪಕ ಕೇಳುವುದು ಎಐ ಬಗ್ಗೆ ಸಾಮಾನ್ಯವಾಗಿ. ಓಟಿ ಕೆಲಸಗಳ ಪ್ರಶ್ನೆಗಳನ್ನು ಪ್ರತ್ಯೇಕ ಭಾಗವಾಗಿ ಇಡಿ, 20ರೊಳಗೆ ತುರುಕಬೇಡಿ. ‘ಎಐ ಉಪಯುಕ್ತ ಮತ್ತು ಸುರಕ್ಷಿತ’ ಎಂದು ಒಟ್ಟಿಗೆ ಕೇಳಿದರೆ, ಒಂದನ್ನು ಒಪ್ಪಿ ಇನ್ನೊಂದನ್ನು ಒಪ್ಪದವರು 3 ಒತ್ತಿ ಮುಂದೆ ಹೋಗುತ್ತಾರೆ. ಒಡೆದು ಎರಡು ಮಾಡಿ.