ಬಣ್ಣ ಆರಿಸುವವರು ಅವರೇ

ವೃದ್ಧಾಶ್ರಮದ ದಿನಚರಿ ನೋಡಿ. ಏಳುವುದು ಯಾವಾಗ, ಸ್ನಾನ ಯಾವಾಗ, ಊಟಕ್ಕೆ ಏನು, ಲೈಟ್ ಆರಿಸುವುದು ಎಷ್ಟು ಹೊತ್ತಿಗೆ, ಹೆಚ್ಚಿನದನ್ನು ಬೇರೆಯವರೇ ನಿರ್ಧರಿಸುತ್ತಾರೆ. ಅಂಥ ಕಡೆ ನಾಲ್ಕು ಬಣ್ಣದ ಬಟ್ಟಲು ಮುಂದಿಟ್ಟು "ಯಾವುದು ಬೇಕು ಅಜ್ಜಿ?" ಅಂತ ಕೇಳುವುದು ಸಣ್ಣ ವಿಷಯವಲ್ಲ. ಕಲಾ ಚಿಕಿತ್ಸೆ, ಅಂದರೆ ಚಿತ್ರ ಬಿಡಿಸುವಂಥ ಕೆಲಸದ ಮೂಲಕ ಮನಸ್ಸಿಗೆ ನೆರವಾಗುವುದು, ಅದರ ಅರ್ಧ ಕೆಲಸ ಆ ಪ್ರಶ್ನೆಯಲ್ಲೇ ನಡೆದುಹೋಗುತ್ತದೆ ಅಂತ ನನಗನ್ನಿಸುತ್ತದೆ.

ಇದಕ್ಕೊಂದು ಹಳೆಯ ಆಧಾರವಿದೆ. ಮನಶ್ಶಾಸ್ತ್ರಜ್ಞರಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ವೃದ್ಧಾಶ್ರಮವೊಂದರಲ್ಲಿ ಒಂದು ಪ್ರಯೋಗ ಮಾಡಿ 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯ ಹಿರಿಯರಿಗೆ ಹೇಳಿದ್ದು: ಗಿಡ ನೀವೇ ಆರಿಸಿಕೊಳ್ಳಿ, ನೀರೂ ನೀವೇ ಹಾಕಿ, ಸಿನಿಮಾ ಯಾವ ರಾತ್ರಿ ನೋಡ್ತೀರೋ ನೀವೇ ಹೇಳಿ. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಆದರೆ ನೀರು ಹಾಕುವುದು ನರ್ಸ್‌ಗಳ ಕೆಲಸ. ಮೂರು ವಾರ ಕಳೆಯುವಷ್ಟರಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಖುಷಿಯಾಗಿದ್ದರು.

ಚಿತ್ರ ಬಿಡಿಸುವಾಗ ಆಯ್ಕೆ ಒಂದಕ್ಕೇ ನಿಲ್ಲುವುದಿಲ್ಲ. ಯಾವ ಬಣ್ಣ, ಎಲ್ಲಿಂದ ಶುರು, ಎಷ್ಟು ದಪ್ಪ, ಸಾಕಾ ಇನ್ನೂ ಬೇಕಾ, ಹೀಗೆ ನಿಮಿಷಕ್ಕೊಂದು. ಜೊತೆಗೆ ಕೈಗೆ ತನ್ನದೇ ನೆನಪಿದೆ. ಮರೆವು ತರುವ ಆಲ್‌ಝೈಮರ್ಸ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೆಡಿಸುವುದು ಮಿದುಳಿನ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಮುತ್ತಲ ಜಾಗವನ್ನು. ಹೊಸ ಸಂಗತಿಗಳು ನೆನಪಾಗಿ ಉಳಿಯಲು ಬೇಕಾದ್ದು ಅದೇ. ರೂಢಿಯಾದ ಕೈಚಳಕಕ್ಕೆ ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲ್ಲಮ್‌ನಂಥ ಬೇರೆ ಭಾಗಗಳ ಆಸರೆ ಇರುತ್ತದೆ. ಅವು ಹೆಚ್ಚು ಕಾಲ ತಡೆದುಕೊಳ್ಳುತ್ತವೆ. ಬೆಳಗಿನ ತಿಂಡಿ ಏನೆಂದು ಮರೆತವರೂ ಚುಕ್ಕಿ ಇಟ್ಟು ರಂಗೋಲಿಯ ಎಳೆ ಎಳೆಯಬಲ್ಲರು ಅನ್ನುವುದಕ್ಕೆ ಕಾರಣ ಇದು.

ಸಾಮಾನಿನ ವಿಷಯದಲ್ಲಿ ಮಾತ್ರ ಸುಮಾರು ಕಡೆ ಎಡವುತ್ತಾರೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಬೆಳಕನ್ನು ತಡೆಯುತ್ತದೆ. ಕಡುನೀಲಿ ಕಪ್ಪಿನಂತೆ ಕಾಣಬಹುದು, ತೆಳುನೀಲಿ ಬಿಳಿ ಹಾಳೆಯಲ್ಲಿ ಕಾಣದೇ ಹೋಗಬಹುದು. ಬಟ್ಟಲುಗಳಲ್ಲಿ ಎದ್ದು ಕಾಣುವ ಬಣ್ಣಗಳಿರಬೇಕು. ಸಂಧಿವಾತದ ಬೆರಳಿಗೆ ತೆಳ್ಳನೆ ಬ್ರಷ್ ಹಿಡಿತಕ್ಕೆ ಸಿಗುವುದಿಲ್ಲ, ಹಿಡಿಗೆ ಸ್ಪಾಂಜ್ ಸುತ್ತಿ ದಪ್ಪ ಮಾಡಬೇಕು. ಹಾಳೆ ಜಾರದಂತೆ ಮೇಜಿಗೆ ಟೇಪ್ ಹಚ್ಚಬೇಕು. ಇದಾವುದನ್ನೂ ಮಾಡದೆ ಎಂಬತ್ತು ದಾಟಿದವರ ಕೈಗೆ ಮಕ್ಕಳ ಬಣ್ಣ ತುಂಬುವ ಪುಸ್ತಕ ಕೊಡುತ್ತಾರೆ! ಅವಮಾನ ಅಲ್ವಾ?

ಇಷ್ಟಾಗಿಯೂ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮರೆಗುಳಿ ಕಾಯಿಲೆ ಇರುವವರ ಕಲಾ ಚಿಕಿತ್ಸೆ ಕುರಿತು 2018ರ ಕಾಕ್ರೇನ್ ವಿಮರ್ಶೆಗೆ (ಒಂದು ವಿಷಯದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ವರದಿ) ಸಿಕ್ಕ ಯೋಗ್ಯ ಪ್ರಯೋಗಗಳು ಎರಡೇ. ಒಟ್ಟು 88 ಜನ. ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ, ಪುರಾವೆಯೂ ಬಹಳ ದುರ್ಬಲ. ಆದರೆ ಇಲ್ಲೊಂದು ವಿಷಯ ಗಮನಿಸಬೇಕು. ಎರಡರಲ್ಲೂ ಹೋಲಿಕೆಯ ಗುಂಪು ಸುಮ್ನೆ ಕೂತಿರಲಿಲ್ಲ. ಒಂದರಲ್ಲಿ ಸುಲಭ ಲೆಕ್ಕ ಮಾಡಿಸಿದ್ದರು, ಇನ್ನೊಂದರಲ್ಲಿ ಮನರಂಜನೆಯ ಚಟುವಟಿಕೆ ಇತ್ತು. ಅಂದರೆ ಅಲ್ಲಿ ಹೋಲಿಸಿದ್ದು ಚಿತ್ರ ಬಿಡಿಸಿದವರನ್ನು ಇನ್ನೇನೋ ಮಾಡುತ್ತಿದ್ದವರ ಜೊತೆ, ಇಡೀ ಮಧ್ಯಾಹ್ನ ಟಿವಿ ಮುಂದೆ ಕೂತವರ ಜೊತೆ ಅಲ್ಲ.