ರೆಟಿಕಲ್‌ನಲ್ಲಿ ಗೆರೆ ಜಾಸ್ತಿ ಇದ್ದರೆ ಗುರಿ ಸಿಗುತ್ತಾ?

ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿರುವ ಜೋಡಿ ನಳಿಗೆ ಕೋವಿಗೆ ಈ ತಲೆನೋವೇ ಇಲ್ಲ. ತುದಿಯಲ್ಲೊಂದು ಮಣಿ, ಅಷ್ಟೇ. ಏರ್ ರೈಫಲ್‌ಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿಸೋಣ ಅಂತ ಹೊರಟರೆ ಪಜೀತಿ ಶುರು. ಅದರೊಳಗೆ ಗುರಿ ಹಿಡಿಯಲು ಕಾಣುವ ಗೆರೆ, ಗುರುತುಗಳೇ ರೆಟಿಕಲ್: ಒಂದರಲ್ಲಿ ಬರೀ ಅಡ್ಡ ಉದ್ದ ಗೆರೆ, ಇನ್ನೊಂದರಲ್ಲಿ ಚುಕ್ಕಿ, ಮತ್ತೊಂದರಲ್ಲಿ ಕೆಳಗಿನ ತನಕ ಹರಡಿದ ಸಣ್ಣ ಸಣ್ಣ ಗುರುತುಗಳು. ಗುರುತು ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಸುಮ್ನೆ ದುಡ್ಡು ಸುರಿಯುವವರಿದ್ದಾರೆ. ಮೊದಲು ನೋಡಬೇಕಾದ್ದು ಗೆರೆಯ ದಪ್ಪ.

ರೆಟಿಕಲ್‌ನ ಲೆಕ್ಕವೆಲ್ಲ ಕೋನದ್ದು, ಅದರ ಅಳತೆಗೆ ಮಿಲ್ ಅಂತಾರೆ. ಒಂದು ಮಿಲ್ ಅಂದರೆ 100 ಮೀಟರ್ ದೂರದಲ್ಲಿ 10 ಸೆಂಟಿಮೀಟರ್. ಹಾಗಾಗಿ 0.05 ಮಿಲ್ ದಪ್ಪದ ಗೆರೆ ಅಲ್ಲಿ 5 ಮಿಲಿಮೀಟರ್ ಜಾಗ ಮುಚ್ಚುತ್ತದೆ, 10 ಮೀಟರ್‌ನಲ್ಲಿ ಅರ್ಧ ಮಿಲಿಮೀಟರ್. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಇರುವುದೂ ಅಷ್ಟೇ ಅಗಲ! ಅಂದರೆ ಗೆರೆಯೇ ಗುರಿಯನ್ನು ನುಂಗಿಬಿಡುತ್ತದೆ. (ಆ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವಿಲ್ಲ ಬಿಡಿ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಸ್ಪರ್ಧೆ ಇದೇ. ಅಲ್ಲಿ ನಳಿಗೆಯ ತುದಿಯ ಉಂಗುರದ ನಡುವೆ ಗುರಿಯ ಕಪ್ಪು ವೃತ್ತವನ್ನು ಕೂರಿಸುತ್ತಾರೆ.)

ಹಾಗಂತ ತೀರಾ ತೆಳು ಗೆರೆಯೂ ಆಗಲ್ಲ. ಜುಲೈನ ಮೋಡದಲ್ಲಿ, ಸಿಲ್ವರ್ ಓಕ್ ನೆರಳಲ್ಲಿ ಅದು ಕಣ್ಣಿಗೇ ಬೀಳದು. ಹೊರಗೆ ದಪ್ಪ, ನಡುವೆ ತೆಳ್ಳಗಿರುವ ಡ್ಯೂಪ್ಲೆಕ್ಸ್ ರೆಟಿಕಲ್ ಹೊರದೇಶದ ಬೇಟೆಗಾರರಿಗೆ ಇಷ್ಟವಾಗಿದ್ದು ಇದಕ್ಕೇ, ಮುಸ್ಸಂಜೆಯಲ್ಲೂ ಕಣ್ಣು ತಾನಾಗೇ ನಡುವಿಗೆ ಹೋಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ, ನಮಗೆ ಕಾಗದದ ಗುರಿಯೇ ಗತಿ.

ರೆಟಿಕಲ್‌ನ ಗುರುತುಗಳಿಂದ ದೂರವನ್ನೂ ಅಳೆಯಬಹುದು, ಆದರೆ ಜಾಸ್ತಿ ಜನ ಎಡವುವುದು ಜೂಮ್‌ನಲ್ಲಿ. ರೈಫಲ್‌ನಿಂದ ಬಿಚ್ಚಿದ ಸ್ಕೋಪ್‌ನಲ್ಲಿ ತೋಟದ ಗೇಟಿನ 2 ಮೀಟರ್ ಕಂಬ ನೋಡಿ. ಅದು 8 ಮಿಲ್ ಎತ್ತರ ಕಂಡರೆ, 2ನ್ನು 1000ದಿಂದ ಗುಣಿಸಿ 8ರಿಂದ ಭಾಗಿಸಿ: ಕಂಬ 250 ಮೀಟರ್ ದೂರ. ಆದರೆ ಗೆರೆ ಎರಡನೇ ಫೋಕಲ್ ಪ್ಲೇನ್‌ನಲ್ಲಿದ್ದರೆ (ಅಂದರೆ ಜೂಮ್ ಮಸೂರಗಳ ಹಿಂದೆ, ಕಣ್ಣಿನ ಕಡೆ) ಜೂಮ್ ಬದಲಿಸಿದಾಗ ಚಿತ್ರ ಮಾತ್ರ ಹಿಗ್ಗಿ ಕುಗ್ಗುತ್ತದೆ, ಗೆರೆ ಇದ್ದ ಹಾಗೇ ಇರುತ್ತದೆ. 10 ಪಟ್ಟು ಜೂಮ್‌ನಲ್ಲಿ ಅಳತೆ ಸರಿಯಿರುವ ಸ್ಕೋಪನ್ನು 5 ಪಟ್ಟು ಜೂಮ್‌ಗೆ ಇಳಿಸಿದರೆ ಅದೇ ಕಂಬ 4 ಮಿಲ್ ಕಾಣುತ್ತದೆ, ಲೆಕ್ಕ 500 ಮೀಟರ್ ಅನ್ನುತ್ತದೆ! ಮೊದಲನೇ ಫೋಕಲ್ ಪ್ಲೇನ್‌ನಲ್ಲಿ (ಜೂಮ್ ಮಸೂರಗಳ ಮುಂದೆ) ಈ ಗೋಳಿಲ್ಲ, ಗೆರೆಯೂ ಚಿತ್ರದ ಜೊತೆಗೇ ಹಿಗ್ಗುತ್ತದೆ. ಬದಲಿಗೆ ಕಡಿಮೆ ಜೂಮ್‌ನಲ್ಲಿ ಗೆರೆ ಕೂದಲಿನಷ್ಟು ತೆಳ್ಳಗಾಗುತ್ತದೆ.

ಒಂದೇ ದೂರಕ್ಕೆ ಹೊಡೆಯುವವರಿಗೆ ಎರಡನೇ ಫೋಕಲ್ ಪ್ಲೇನ್‌ನದೇ ಸಾಕು, ನಡುವೆ ಸಣ್ಣ ಚುಕ್ಕಿ ಇದ್ದರೆ ಇನ್ನೂ ಒಳ್ಳೇದು. 10 ಮೀಟರ್‌ಗೆ ಫೋಕಸ್ ಕೂರುತ್ತಾ ಅಂತ ಮಾತ್ರ ಅಂಗಡಿಯಲ್ಲೇ ನೋಡಿಕೊಳ್ಳಿ, ಎಷ್ಟೋ ಸ್ಕೋಪ್‌ಗಳಲ್ಲಿ ಅಷ್ಟು ಹತ್ತಿರದ್ದು ಮಂಜಾಗಿ ಕಾಣುತ್ತದೆ.